ಚಿಗವ್ವನ ಕೊನೆಯ ನಾಲ್ಕು ಕ್ರೆಡಿಟ್

ಈ ವರ್ಷ ಫೆಬ್ರುವರಿ ಎರಡನೇ ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಮನಗೂಳಿಯಲ್ಲಿ ನನ್ನ ಚಿಗವ್ವ ತೀರಿಕೊಂಡಳು ಎಂಬ ಸುದ್ದಿ ಇಂಡಿ, ಸಿಂದಗಿ, ಮುದ್ದೇಬಿಹಾಳ ಮೂರೂ ತಾಲ್ಲೂಕುಗಳಿಗೆ ಒಟ್ಟಿಗೇ ತಲುಪಿತು. ಅದೇ ಹೊತ್ತಿಗೆ ಚಿಗವ್ವ ತನ್ನ ಮನೆಯ ಒಳಕೋಣೆಯಲ್ಲಿ ಕುಳಿತು ಡೇಟಾಬೇಸ್ ಪರೀಕ್ಷೆಯ ಹದಿನಾಲ್ಕನೇ ಪ್ರಶ್ನೆಗೆ ಉತ್ತರ ಗುರುತು ಮಾಡುತ್ತಿದ್ದಳು. ಮೊದಲನೆಯ ಸಂಗತಿಯನ್ನು ಹನ್ನೊಂದು ಜನ ಫೋನಿನಲ್ಲಿ ದೃಢಪಡಿಸಿದರು. ಎರಡನೆಯದಕ್ಕೆ ಕಂಪ್ಯೂಟರಿನಲ್ಲಿ ದಾಖಲೆ ಇದೆ.

ಕಂಪ್ಯೂಟರ್ ಕಲಿತವರು ಊರಿಗೆ ನೂರು ಜನ ಸಿಗಬಹುದು. ಕಂಪ್ಯೂಟರಿಗೆ ಮರ್ಯಾದೆ ಕಲಿಸಿದವಳು ನನಗೆ ತಿಳಿದಂತೆ ಇವಳೊಬ್ಬಳೇ.

ಚಿಗವ್ವ ನನ್ನ ಅವ್ವನ ಬೆನ್ನಿಗೆ ಹುಟ್ಟಿದ ತಂಗಿ. ವಯಸ್ಸು ನಲವತ್ತೆಂಟು. ಊರಿನ ಖಾಸಗಿ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ಕಂಪ್ಯೂಟರ್ ಕಲಿಸುತ್ತಾಳೆ. ಓದಿದ್ದು ಪಿಯುಸಿ, ಮೇಲೆ ಆರು ತಿಂಗಳ ಒಂದು ಡಿಪ್ಲೊಮಾ. ಅಷ್ಟರಲ್ಲೇ ಸಾವಿರಾರು ಮಕ್ಕಳಿಗೆ ಕೀಬೋರ್ಡ್ ಮೇಲೆ ಬೆರಳಿಡುವುದನ್ನು ಕಲಿಸಿದ್ದಾಳೆ. ಕರೆಂಟು ಹೋದ ದಿನ ಶಾಲೆಯ ಅಂಗಳದಲ್ಲಿ ಚಾಕ್‌ಪೀಸಿನಿಂದ ದೊಡ್ಡ ಕೀಬೋರ್ಡ್ ಬರೆದು, ಮಕ್ಕಳನ್ನು ಅಕ್ಷರದಿಂದ ಅಕ್ಷರಕ್ಕೆ ಜಿಗಿಸಿ ತಮ್ಮ ತಮ್ಮ ಹೆಸರು ಟೈಪು ಮಾಡಿಸಿದ್ದೂ ಉಂಟು. ಮಲ್ಲಿಕಾರ್ಜುನ ಎಂಬ ಹುಡುಗ ತನ್ನ ಹೆಸರು ಮುಗಿಸುವಷ್ಟರಲ್ಲಿ ಕಾಲು ಉಳುಕಿಸಿಕೊಂಡ ಎಂಬುದು ಬಿಟ್ಟರೆ ಆ ಪದ್ಧತಿಯ ಮೇಲೆ ಯಾವ ದೂರೂ ಇಲ್ಲ.

ಮೂರು ವರ್ಷದ ಹಿಂದೆ ಹೊಸ ಹೆಡ್‌ಮಾಸ್ತರರು ಆಕೆಯನ್ನು ಕರೆಸಿ ಕೂರಿಸಿದರು.

"ಅಕ್ಕೋರ, ನಿಮ್ಮ ಕೆಲಸದ ಮ್ಯಾಲ ಯಾರದೂ ತಕರಾರಿಲ್ಲ. ಆದ್ರ ಕಂಪ್ಯೂಟರ್ ಕಲಸಾಕ ಕಂಪ್ಯೂಟರ್ ಡಿಗ್ರೀನ ಬೇಕು ಅಂತ ಆಡಳಿತ ಮಂಡಳಿ ಠರಾವ್ ಮಾಡೇತಿ. ಮೂರು ವರ್ಷ ಟೈಮ್ ಕೊಟ್ಟಾರ್ರಿ. ಅಷ್ಟ್ರಾಗ ಕಾಗದ ತರ್ರಿ."

"ತರಲಿಲ್ಲಂದ್ರ?"

"ಡಿಗ್ರಿ ಇದ್ದವ್ರನ್ನ ತಗೋಬೇಕಾಗತೈತ್ರಿ."

"ಅವ್ರಿಗೆ ಕಲಸಾಕ ಬರಬೇಕಲಾ."

"ಅದು ಠರಾವಿನ್ಯಾಗಿಲ್ರಿ," ಅಂದರು ಹೆಡ್‌ಮಾಸ್ತರರು. ಒಳ್ಳೆಯ ಮನುಷ್ಯ. ಸುಳ್ಳು ಹೇಳುವುದಿಲ್ಲ.

ಚಿಗವ್ವ ಅದೇ ವಾರ ಆನ್‌ಲೈನ್ ಬಿಸಿಎಗೆ ಹೆಸರು ಹಚ್ಚಿದಳು. ಇದರ ಏರ್ಪಾಡು ಸರಳ. ಪದವಿಗೆ ಇಷ್ಟು ಕ್ರೆಡಿಟ್ ಬೇಕು ಎಂದು ಲೆಕ್ಕ. ಕೆಲವನ್ನು ವಿಶ್ವವಿದ್ಯಾಲಯದ ಪಾಠಗಳಿಂದ ಗಳಿಸಬೇಕು. ಉಳಿದವನ್ನು ಬೇರೆ ಆನ್‌ಲೈನ್ ತಾಣಗಳಲ್ಲಿ ಕೋರ್ಸು ಮುಗಿಸಿ, ಪರೀಕ್ಷೆ ಪಾಸಾಗಿ ತಂದು ಸೇರಿಸಬಹುದು. ಶಾಲೆ, ಮನೆ ಎರಡನ್ನೂ ತೂಗಿಸುವವರಿಗೆ ಇದು ಅನುಕೂಲ. ಆದರೆ ಇದನ್ನು ರೂಪಿಸಿದವರು ನನ್ನ ಚಿಗವ್ವನನ್ನು ಕಂಡಿರಲಿಲ್ಲ.

ಮೊದಲ ದಿನದ ಪಾಠಕ್ಕೆ ಆಕೆ ಇಸ್ತ್ರಿ ಮಾಡಿದ ಸೀರೆ ಉಟ್ಟು, ಸೆರಗು ಹೊದ್ದು, ಲ್ಯಾಪ್‌ಟಾಪಿನ ಮುಂದೆ ಪುಸ್ತಕ, ಪೆನ್ನು ಇಟ್ಟುಕೊಂಡು ಕುಳಿತಳು. ವಿಡಿಯೋದಲ್ಲಿ ಮೇಷ್ಟ್ರು ಬಂದರು. ಮೂವತ್ತು ವರ್ಷದ ಹುಡುಗ, ಎದೆಗೊಂದು ಮೈಕು. ಚಿಗವ್ವ ಎದ್ದು ನಿಂತಳು.

ಬಾಗಿಲಲ್ಲಿ ನಿಂತಿದ್ದ ಕಾಕಾ, ಅಂದರೆ ಆಕೆಯ ಗಂಡ, ಕೇಳಿದ: "ಅಂವಗ ನೀ ಕಾಣಸ್ತಿಯೇನ?"

"ನನಗ ಅವ್ರು ಕಾಣಸ್ತಾರಲಾ," ಅಂದಳು ಚಿಗವ್ವ, ಕೂರದೆ.

ಪಾಠ ಇಂಗ್ಲಿಷಿನಲ್ಲಿ, ನಿಧಾನಕ್ಕೆ ಸಾಗುತ್ತಿತ್ತು. ಒಂದು ರಜೆಯ ದಿನ ವಿಜಯಪುರದಿಂದ ಹೋಗಿದ್ದ ನಾನು ವೇಗ ಒಂದೂವರೆ ಪಟ್ಟು ಮಾಡಿಕೊಟ್ಟೆ. ಮೇಷ್ಟ್ರು ಬಸ್ಸು ತಪ್ಪುತ್ತದೆಂಬಂತೆ ಮಾತಾಡತೊಡಗಿದರು. ಚಿಗವ್ವ ಗಾಬರಿಯಾಗಿ ನನ್ನ ಕೈ ಸರಿಸಿದಳು.

"ಏ ತಮ್ಮಾ, ಗುರುಗೋಳನ್ನ ಓಡಿಸಿ ಪಾಠಾ ಕಲೀತಾರೇನ? ಅವ್ರಿಗೆ ಹೆಂಗ ತಿಳೀತೈತಿ ಹಂಗ ಹೇಳಲಿ ಬಿಡು."

ಮಧ್ಯಾಹ್ನ ಒಂದಕ್ಕೆ ಆಕೆ ವಿಡಿಯೋ ನಿಲ್ಲಿಸುತ್ತಿದ್ದಳು. ಊಟಕ್ಕೆ. ತನ್ನ ಊಟಕ್ಕಲ್ಲ, ಮೇಷ್ಟ್ರ ಊಟಕ್ಕೆ. ನಿಲ್ಲಿಸುವಾಗ ಅವರ ಬಾಯಿ ತೆರೆದಿದ್ದರೆ ಎರಡು ಸೆಕೆಂಡು ಹಿಂದೆ ಸರಿಸಿ, ಬಾಯಿ ಮುಚ್ಚಿದ ಕ್ಷಣ ಹುಡುಕಿ ನಿಲ್ಲಿಸುತ್ತಿದ್ದಳು. ಪಾಪ, ಒಂದು ತಾಸು ಬಾಯಿ ತಕ್ಕೊಂಡು ನಿಂದರಬೇಕೇನು ಎಂಬುದು ಆಕೆಯ ಪ್ರಶ್ನೆ.

ಎರಡನೇ ವರ್ಷದಲ್ಲಿ ಒಂದು ಕೋರ್ಸಿನ ನಿಯಮ ಹೀಗಿತ್ತು: ವಿದ್ಯಾರ್ಥಿಗಳ ಅಸೈನ್‌ಮೆಂಟುಗಳನ್ನು ವಿದ್ಯಾರ್ಥಿಗಳೇ ತಿದ್ದಬೇಕು, ಒಬ್ಬೊಬ್ಬರಿಗೆ ಐದು. ಸಾಮಾನ್ಯವಾಗಿ ಎಲ್ಲರೂ ಎಲ್ಲರಿಗೂ ಪೂರ್ತಿ ಅಂಕ ಕೊಟ್ಟು ಮುಗಿಸುತ್ತಾರೆ. ಚಿಗವ್ವ ಐದನ್ನೂ ಝೆರಾಕ್ಸ್ ಅಂಗಡಿಗೆ ಹೋಗಿ ಪ್ರಿಂಟು ಹಾಕಿಸಿ, ಕೆಂಪು ಪೆನ್ನಿನಿಂದ ತಿದ್ದಿ, ಫೋಟೋ ತೆಗೆದು ಮತ್ತೆ ಏರಿಸಿದಳು. ಮೂವರು ನಪಾಸು. ಅವರಲ್ಲಿ ಒಬ್ಬ ಹೈದರಾಬಾದಿನಲ್ಲಿ ಕೆಲಸದಲ್ಲಿದ್ದ ಎಂಜಿನಿಯರು. ಅವನ ಹಾಳೆಯ ಕೆಳಗೆ ಆಕೆ ಹದಿನೆಂಟು ವರ್ಷದ ಅಭ್ಯಾಸದಂತೆ, ಇನ್ನೊಮ್ಮೆ ಬರೆದು ಪಾಲಕರ ಸಹಿ ಮಾಡಿಸಿಕೊಂಡು ಬಾ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು.

ಅವನು ಕೋಪಗೊಳ್ಳಲಿಲ್ಲ. ತಂದೆ ಊರಿನಲ್ಲಿದ್ದಾರೆ, ಹೆಂಡತಿಯ ಸಹಿ ನಡೆಯುತ್ತದೆಯೇ ಎಂದು ವಿನಯದಿಂದ ಕೇಳಿದ.

ಚಿಗವ್ವ ಕಾಕಾನ ಮುಖ ನೋಡಿದಳು. "ನಡೀತೈತಿ ಅಂತ ಬರೀಲ್ಯಾ?"

"ಬರಿ," ಅಂದ ಕಾಕಾ. "ನನ್ನ ಎಲ್ಲಾ ಕಾಗದಕ್ಕೂ ನಿನ್ನ ಸಹೀನ ನಡ್ಯಾಕತ್ತೇತಿ."

ಕಾಕಾ ಹಿಟ್ಟಿನ ಗಿರಣಿ ನಡೆಸುತ್ತಾನೆ. ಗಿರಣಿ ಮನೆಯ ಮುಂಭಾಗದಲ್ಲೇ ಇದೆ. ಬೆಳಿಗ್ಗೆ ಏಳರಿಂದ ಗಲ್ಲಿಯ ಹೆಣ್ಣುಮಕ್ಕಳು ಜೋಳದ ಡಬ್ಬಿ ತಂದಿಟ್ಟು ಹೋಗುತ್ತಾರೆ, ಸಂಜೆ ಹಿಟ್ಟು ಒಯ್ಯುತ್ತಾರೆ. ಡಬ್ಬಿಗಳು ಹೆಚ್ಚುಕಡಿಮೆ ಒಂದೇ ತರಹ. ಒಬ್ಬರ ಬಿಳಿಜೋಳದ ಹಿಟ್ಟು ಇನ್ನೊಬ್ಬರ ಮನೆ ಸೇರಿ ಜಗಳವಾಗುವುದು ವಾರಕ್ಕೊಮ್ಮೆಯಾದರೂ ಇತ್ತು. ಕೊನೆಯ ಕೋರ್ಸು ಡೇಟಾಬೇಸಿನದು. ನಾಲ್ಕು ಕ್ರೆಡಿಟ್. ಅದು ಮುಗಿದರೆ ಪದವಿ ಪೂರ್ತಿ. ಅದಕ್ಕೊಂದು ಪ್ರಾಜೆಕ್ಟ್ ಬೇಕಿತ್ತು. ಚಿಗವ್ವ ಗಿರಣಿಯ ಡಬ್ಬಿಗಳನ್ನೇ ಆರಿಸಿಕೊಂಡಳು. ಪ್ರತಿ ಡಬ್ಬಿಗೂ ಒಂದು ನಂಬರು, ಒಬ್ಬರ ನಂಬರು ಇನ್ನೊಬ್ಬರಿಗಿಲ್ಲ. ಡೇಟಾಬೇಸಿನ ಮೊದಲ ಪಾಠವೇ ಅದು.

ಗಲ್ಲಿ ಅದನ್ನು ಅಷ್ಟು ಸುಲಭವಾಗಿ ಒಪ್ಪಲಿಲ್ಲ.

"ನಾ ಹದಿನೇಳು ಅಂದ್ರ? ನಾ ಏನ್ ಜೇಲಿನ್ಯಾಗ ಅದೀನೇನವಾ?" ಅಂದಳು ಎದುರುಮನೆಯ ಗಂಗವ್ವ.

"ಹದಿನೇಳ ಬ್ಯಾಡಂದ್ರ ಎಷ್ಟು ಬೇಕ ಹೇಳು."

"ಒಂದು ಹಾಕು. ಈ ಗಲ್ಲಿಗೆ ನಾನ ಮದಲ ಬಂದಾಕಿ."

ಅಷ್ಟರಲ್ಲಿ ಪಕ್ಕದ ಮನೆಯ ಹಸೀನಾ ಖಾಲಾ ಡಬ್ಬಿ ಇಳಿಸಿದಳು. "ನೀ ಮದಲ ಬಂದಿ? ನಮ್ಮ ಅತ್ತಿ ಅತ್ತೀನೂ ಇದ ಗಲ್ಲ್ಯಾಗ ಸತ್ತಾಳ. ಒಂದು ನಂದು."

ಮೂರನೆಯವಳೊಬ್ಬಳು, ತನ್ನ ಮನೆಯಲ್ಲಿ ಹದಿನಾಲ್ಕು ಜನ ಉಣ್ಣುತ್ತಾರೆ, ಡಬ್ಬಿಯೂ ಎಲ್ಲರಿಗಿಂತ ದೊಡ್ಡದು, ಆದ್ದರಿಂದ ಒಂದು ತನ್ನದು ಎಂದಳು. ವಾದ ಎರಡು ದಿನ ನಡೆಯಿತು. ಕೊನೆಗೆ ಚಿಗವ್ವ ಒಂದನೇ ನಂಬರನ್ನು ಯಾರಿಗೂ ಕೊಡದೆ ಎರಡರಿಂದ ಶುರು ಮಾಡಿದಳು. ಗಲ್ಲಿ ಶಾಂತವಾಯಿತು. ಹಿಟ್ಟು ಅದಲುಬದಲಾಗುವುದೂ ನಿಂತಿತು. ಪ್ರಾಜೆಕ್ಟ್ ನೋಡಿದ ಮೇಷ್ಟ್ರು ಮಾತ್ರ ಸಂಖ್ಯೆ ಒಂದರಿಂದ ಏಕೆ ಶುರುವಾಗಿಲ್ಲ ಎಂದು ಕೇಳಿ ಎರಡು ಅಂಕ ಕಳೆದರು. ಚಿಗವ್ವ ಉತ್ತರಕ್ಕೆಂದು ಬಿಟ್ಟ ಜಾಗದಲ್ಲಿ ಬರೆದದ್ದು: ಸ್ಥಳೀಯ ಪರಿಸ್ಥಿತಿ.

ಇನ್ನುಳಿದದ್ದು ಪರೀಕ್ಷೆ. ಫೆಬ್ರುವರಿ ಎರಡನೇ ಭಾನುವಾರ, ಹತ್ತರಿಂದ ಹನ್ನೊಂದೂವರೆ. ಮನೆಯಲ್ಲೇ ಕುಳಿತು ಬರೆಯಬಹುದು, ಆದರೆ ಕ್ಯಾಮೆರಾ ನೋಡುತ್ತಿರುತ್ತದೆ. ಕೋಣೆಯಲ್ಲಿ ಒಬ್ಬರೇ ಇರಬೇಕು. ಬಾಗಿಲು ಹಾಕಿರಬೇಕು. ಸದ್ದು ಇರಬಾರದು. ಫೋನು ಬಂದ್. ಇನ್ನೊಂದು ಮುಖ ಕಂಡರೆ ಪರೀಕ್ಷೆ ರದ್ದು.

ನಿಯಮಗಳನ್ನು ಓದಿದ ಚಿಗವ್ವ ಎಲ್ಲವನ್ನೂ ಚಾಚೂ ತಪ್ಪದೆ ಪಾಲಿಸಿದಳು. ಗಿರಣಿ ನಿಲ್ಲಿಸಿದಳು. ಒಳಕೋಣೆಯದಷ್ಟೇ ಅಲ್ಲ, ಬೀದಿಬಾಗಿಲನ್ನೂ ಹಾಕಿಸಿದಳು. ಕಾಕಾನನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿ, ಏನಾದರೂ ಆಗಲಿ, ಬಾಯಿ ಬಿಚ್ಚಬೇಡ ಎಂದು ಆಣೆ ಹಾಕಿಸಿಕೊಂಡಳು. ಅಕ್ಕೋರಿಗೂ ಪರೀಕ್ಷೆ ಅಂತೆ ಎಂದು ಶಾಲೆಯ ಮಕ್ಕಳಿಗೆ ತಿಳಿದರೆ ಚೆನ್ನಾಗಿರುವುದಿಲ್ಲ ಎಂದು ಗಲ್ಲಿಯಲ್ಲಿ ಒಬ್ಬರಿಗೂ ಹೇಳಲಿಲ್ಲ.

ಮಾಡಿದ ತಪ್ಪು ಇದೊಂದೇ. ನಮ್ಮ ಕಡೆ ಹಗಲು ಹೊತ್ತಿನಲ್ಲಿ ಬೀದಿಬಾಗಿಲು ಹಾಕುವುದಿಲ್ಲ. ಮನೆಯವರು ಊರಿಗೆ ಹೋದರೆ ಕೀಲಿ ಹಾಕುತ್ತಾರೆ, ಅದು ಬೇರೆ. ಮನೆಯವರು ಕಟ್ಟೆಯ ಮೇಲೆ ಕುಳಿತಿದ್ದಾರೆ, ಬಾಗಿಲು ಹಾಕಿದೆ, ಏಳರಿಂದ ಗರಗರ ಅನ್ನುವ ಗಿರಣಿ ಸುಮ್ಮನಿದೆ ಎಂದರೆ ಗಲ್ಲಿಗೆ ತಿಳಿದಿರುವ ಅರ್ಥ ಒಂದೇ.

ಸಾಲದ್ದಕ್ಕೆ ಕಾಕಾ ಹಿಂದಿನ ದಿನ ಇಡೀ ಖಾರಪುಡಿ ಬೀಸಿದ್ದ. ಕಣ್ಣು ಕೆಂಪಾಗಿ ನೀರಾಡುತ್ತಿದ್ದವು. ಬಿಸಿಲಿಗೆ ತಲೆಯ ಮೇಲೆ ಟವೆಲ್ ಹಾಕಿಕೊಂಡಿದ್ದ.

ಹತ್ತೂ ಹತ್ತಕ್ಕೆ ಹಸೀನಾ ಖಾಲಾ ಡಬ್ಬಿ ಹೊತ್ತು ಬಂದಳು. "ಏನಾತ್ರಿ? ಬಾಗಿಲಾ ಯಾಕ ಹಾಕೀರಿ?"

ಕಾಕಾ ತುಟಿಯ ಮೇಲೆ ಬೆರಳಿಟ್ಟ.

"ಅಕ್ಕೋರು ಎಲ್ಲಿ?"

ಕಾಕಾ ಮುಚ್ಚಿದ ಬಾಗಿಲಿನ ಕಡೆ ಕೈ ತೋರಿಸಿ, ಸದ್ದು ಮಾಡಬೇಡ ಎಂದು ಕೈ ಆಡಿಸಿದ. ಖಾಲಾ ಡಬ್ಬಿಯನ್ನು ಅಲ್ಲಿಯೇ ಬಿಟ್ಟು ಸೆರಗು ಬಾಯಿಗೊತ್ತಿಕೊಂಡು ಓಡಿದಳು.

ಹತ್ತೂ ಇಪ್ಪತ್ತೈದಕ್ಕೆ ಇಂಡಿಯಿಂದ ಅವ್ವನ ಫೋನು ಬಂತು. ಅಳುತ್ತಿದ್ದಳು. ಪತ್ರಿಕೆಯ ಕೆಲಸದಲ್ಲಿರುವ ನಾನು ಅಭ್ಯಾಸದಂತೆ ಕೇಳಿದೆ: ಯಾರು ಹೇಳಿದರು, ಎಷ್ಟು ಹೊತ್ತಿಗೆ, ಕಣ್ಣಾರೆ ಕಂಡವರು ಯಾರು?

"ನಿನ್ನ ಪ್ರಶ್ನಿಗೆ ಬೆಂಕಿ ಹತ್ತಲಿ," ಅಂದಳು ಅವ್ವ. "ಗಾಡಿ ತಗೊಂಡು ಹೋಗು ಮದಲ."

ಚಿಗವ್ವನಿಗೆ ಫೋನು ಮಾಡಿದೆ. ಬಂದ್ ಆಗಿತ್ತು. ಕಾಕಾನಿಗೆ ಮಾಡಿದೆ. ಎತ್ತಿದ, ಆದರೆ ಆಣೆ ನೆನಪಾಗಿ ಮಾತಾಡಲಿಲ್ಲ. ಸುಮ್ಮನೆ ಉಸಿರಾಡಿದ. ಅಷ್ಟಕ್ಕೆ ನಾನೂ ನಂಬಿದೆ. ಕಂಡವರನ್ನು ಕೇಳದೆ ನಾನು ಖಚಿತಪಡಿಸಿಕೊಂಡ ಮೊದಲ ಸುದ್ದಿ ಅದು.

ಮನಗೂಳಿಯಲ್ಲಿ ಮುಂದೆ ನಡೆದದ್ದನ್ನು ಮೂವರಿಂದ ಕೇಳಿ ಬರೆಯುತ್ತಿದ್ದೇನೆ. ಹತ್ತೂ ನಲವತ್ತಕ್ಕೆ ಹೆಂಗಸರು ಕಾಕಾನನ್ನು ಪಕ್ಕಕ್ಕೆ ಸರಿಸಿ ಬೀದಿಬಾಗಿಲು ತಳ್ಳಿ, ಒಳಕೋಣೆಯ ಬಾಗಿಲನ್ನೂ ತಳ್ಳಿದರು. ಹೆಣ ಕುರ್ಚಿಯ ಮೇಲೆ ನೆಟ್ಟಗೆ ಕುಳಿತಿತ್ತು. ಕೈ ಮೌಸಿನ ಮೇಲಿತ್ತು.

"ಯಾ ಅಲ್ಲಾ, ಕುಂತಾಳ," ಅಂದಳು ಹಸೀನಾ ಖಾಲಾ.

"ಕುಂತೇನಿ," ಅಂದಳು ಚಿಗವ್ವ, ತಲೆ ತಿರುಗಿಸದೆ. "ಇನ್ನ ಇಪ್ಪತ್ತು ಪ್ರಶ್ನೆ ಅದಾವ. ಹೊರಗ ನಡೀರಿ."

ಆದರೆ ಕ್ಯಾಮೆರಾ ಎಣಿಸಿಯಾಗಿತ್ತು. ಏಳು ಮುಖ. ಪರದೆ ಬಿಳಿಯಾಯಿತು. ಪರೀಕ್ಷೆ ರದ್ದಾಗಿದೆ ಎಂದು ಒಂದೇ ಸಾಲು ಬಂತು.

ನಾನು ತಲುಪಿದಾಗ ಗಲ್ಲಿಯ ನಾಲ್ಕು ಮನೆಗಳಿಂದ ರೊಟ್ಟಿ, ಝುಣಕ, ಬದನೆಕಾಯಿ ಪಲ್ಯ ಬಂದಿದ್ದವು. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಾದ್ದರಿಂದ ನೆರೆಯವರು ಮಾಡಿ ತರುವುದು ಪದ್ಧತಿ. ಯಾರೂ ಸತ್ತಿಲ್ಲವೆಂದು, ಮಾಡಿ ತಂದ ರೊಟ್ಟಿಯನ್ನು ವಾಪಸು ಒಯ್ಯುವುದು ಮಾತ್ರ ಪದ್ಧತಿಯಲ್ಲಿಲ್ಲ. ಸಿಂದಗಿಯಿಂದ, ಕನ್ನೊಳ್ಳಿಯಿಂದ ಬಳಗ ಬಂದಿತ್ತು. ತಂಗಡಗಿಯ ಮಾವ ಸೇವಂತಿಗೆಯ ದೊಡ್ಡ ಹಾರ ತಂದಿದ್ದ. ಅದನ್ನು ಹಿಡಿದುಕೊಂಡು ಪಡಸಾಲೆಯಲ್ಲಿ ಒಂದು ಸುತ್ತು ಬಂದ.

"ತಂದೇನಿ. ಎಲ್ಲೆರೆ ಹಾಕಬೇಕಲಾ," ಅಂದ.

"ನನಗ ಹಾಕು," ಅಂದಳು ಚಿಗವ್ವ. "ನಿಮ್ಮ ಸಮಾಧಾನ ಆಗಲಿ."

ಮಾವ ಹಾರವನ್ನು ಗಿರಣಿಗೆ ಹಾಕಿದ. ನಲವತ್ತು ಜನ ಊಟಕ್ಕೆ ಕುಳಿತರು. ಚಿಗವ್ವನೂ ಉಂಡಳು. ಗಂಗವ್ವನ ರೊಟ್ಟಿ ಮೆತ್ತಗೆ ಆಗ್ಯಾವ ಎಂದು ಹೊಗಳಿದಳು. ಯಾರನ್ನೂ ಬೈಯಲಿಲ್ಲ. ಎಲ್ಲರೂ ಹೋದ ಮೇಲೆ ಲ್ಯಾಪ್‌ಟಾಪಿನ ಮುಂದೆ ಕುಳಿತು, ಆ ಒಂದು ಸಾಲನ್ನು ಇನ್ನೊಮ್ಮೆ ಓದಿದಳು.

"ಜೂನಕ್ಕ ಸಾಲಿ ಸುರು, ತಮ್ಮಾ," ಅಂದಳು. ಶಾಲೆ ಶುರುವಾಗುವಷ್ಟರಲ್ಲಿ ಹೆಡ್‌ಮಾಸ್ತರರು ಹೇಳಿದ್ದ ಮೂರು ವರ್ಷ ಮುಗಿಯುತ್ತಿತ್ತು.

ಮೇಲ್ಮನವಿಗೆ ಅವಕಾಶವಿತ್ತು. ಕೋಣೆಯಲ್ಲಿ ಬೇರೆಯವರು ಇದ್ದುದಕ್ಕೆ ಕಾರಣ ಏನೆಂಬಲ್ಲಿ ಚಿಗವ್ವ, ನಾನು ತೀರಿಕೊಂಡಿದ್ದೇನೆಂದು ತಿಳಿದು ನೆರೆಯವರು ಬಂದಿದ್ದರು ಎಂದು ಇದ್ದದ್ದನ್ನೇ ಬರೆದಳು. ಎರಡು ದಿನಕ್ಕೆ ಉತ್ತರ ಬಂತು: ಪೂರಕ ದಾಖಲೆ ಲಗತ್ತಿಸಿ.

"ಯಾವ ದಾಖಲಿ ಬೇಕಂತ?" ಅಂದ ಕಾಕಾ. "ಸತ್ತದ್ದರದೋ, ಬದುಕಿದ್ದರದೋ?"

ಹಾರ ಹಾಕಿದ್ದ ಗಿರಣಿಯ ಫೋಟೋ ನನ್ನ ಫೋನಿನಲ್ಲಿತ್ತು. ಅದರ ಮುಂದೆ ಚಿಗವ್ವ ರೊಟ್ಟಿ ತಿನ್ನುತ್ತಿದ್ದಳು. ಅದನ್ನೇ ಲಗತ್ತಿಸಿದೆವು. ಅದನ್ನು ಕಂಡವರು ಏನು ತಿಳಿದುಕೊಂಡರೋ, ಏಪ್ರಿಲ್‌ನಲ್ಲಿ ವಿಜಯಪುರದ ಒಂದು ಕೇಂದ್ರದಲ್ಲಿ ಬಂದು ಪರೀಕ್ಷೆ ಬರೆಯಬಹುದು, ಇದು ಕೊನೆಯ ಅವಕಾಶ ಎಂದು ತಿಳಿಸಿದರು.

ಆ ದಿನ ನಾನೂ ಕಾಕಾನೂ ಜೊತೆಗೆ ಹೋದೆವು. ಗೇಟಿನಲ್ಲಿ ಕಾವಲಿನವನು ಚಿಗವ್ವನನ್ನು ತಡೆದ.

"ಅವ್ವಾರ, ಪಾಲಕರು ಆ ಕಡೆ ಗಿಡದ ಬುಡಕ ಕೂಡ್ರಿ."

ಚಿಗವ್ವ ಹಾಲ್ ಟಿಕೆಟ್ ತೋರಿಸಿ, ಕಾಕಾನ ಕಡೆ ಕೈ ಮಾಡಿದಳು. "ಪಾಲಕರು ಇವ್ರು. ಕೂಡಸ್ರಿ."

ಕಾಕಾ ಗಿಡದ ಕೆಳಗೆ ಉಳಿದ ತಂದೆತಾಯಂದಿರ ನಡುವೆ ಕುಳಿತ. ಪಕ್ಕದವನು, ನಿಮ್ಮವರು ಎಷ್ಟನೇ ಸೆಮಿಸ್ಟರ್ ಎಂದು ಕೇಳಿದ. ಕೊನೇದು ಅಂದ ಕಾಕಾ. ಹುಡುಗಿ ಶಾಣ್ಯಾ ಅದಾಳೇನ್ರಿ ಎಂದು ಅವನು ಮತ್ತೆ ಕೇಳಿದ. ಕಾಕಾ, "ಹಟಮಾರಿ ಅದಾಳ್ರಿ," ಅಂದ. ಒಂದೂವರೆ ತಾಸಿನಲ್ಲಿ ಎರಡು ಸಲ ಎದ್ದು ಹೋಗಿ, ಒಳಗೆ ಫ್ಯಾನ್ ತಿರುಗುತ್ತಿದೆಯೇ ಎಂದು ಕಾವಲಿನವನನ್ನು ವಿಚಾರಿಸಿ ಬಂದ.

ಮೇ ಎರಡನೇ ವಾರ ಫಲಿತಾಂಶ ಬಂತು. ಪಾಸು. ನಾಲ್ಕು ಕ್ರೆಡಿಟ್ ಸೇರಿ ಪದವಿಯ ಲೆಕ್ಕ ಭರ್ತಿಯಾಯಿತು.

ಪ್ರಮಾಣಪತ್ರಕ್ಕೆ ಅರ್ಜಿ ತುಂಬಲು ನಾನು ಮನಗೂಳಿಗೆ ಹೋದೆ. ಆಕೆ ಹೇಳುತ್ತಿದ್ದಳು, ನಾನು ಟೈಪು ಮಾಡುತ್ತಿದ್ದೆ. ಹನ್ನೆರಡನೇ ಕಾಲಮ್ಮು ಹೀಗಿತ್ತು: ಈ ಹಿಂದೆ ಯಾವುದಾದರೂ ಪದವಿಗೆ ಸೇರಿ ಅರ್ಧಕ್ಕೆ ಬಿಟ್ಟಿದ್ದರೆ ವಿವರ ಮತ್ತು ಕಾರಣ.

ಇಲ್ಲ ಎಂದು ಟೈಪು ಮಾಡಿದೆ.

"ಅಳಸು," ಅಂದಳು ಚಿಗವ್ವ. "ಐತಿ."

ಆಕೆ ಒಳಗಿನಿಂದ ಒಂದು ಹಳೆಯ ಅಂಕಪಟ್ಟಿ ತಂದಳು. ವಿಜಯಪುರದ ಕಾಲೇಜು, ಬಿಸಿಎ ಮೊದಲ ವರ್ಷ, ಪ್ರಥಮ ದರ್ಜೆ. ಎರಡನೇ ವರ್ಷದ ಅಂಕಪಟ್ಟಿ ಇಲ್ಲ. ಇದು ನನಗೆ ಗೊತ್ತಿರಲಿಲ್ಲ. ಆಕೆ ಪಿಯುಸಿಗೇ ನಿಲ್ಲಿಸಿದಳು ಎಂದು ತಿಳಿದಿದ್ದೆ.

"ಸರಿ ಅತ್ತಾಗ. ಇದು ನಾ ಬರೀತೇನಿ."

ನಾನು ಎದ್ದು ಜಾಗ ಕೊಟ್ಟೆ. ಆಕೆ ಟೈಪು ಮಾಡಿ, ಕಳುಹಿಸುವ ಗುಂಡಿ ಒತ್ತಿ, ಚಹಾ ಮಾಡಲು ಒಳಗೆ ಹೋದಳು. ಪರದೆಯ ಮೇಲೆ ಅರ್ಜಿಯ ಪ್ರತಿ ಉಳಿದಿತ್ತು. ಹನ್ನೆರಡನೇ ಕಾಲಮ್ಮಿನಲ್ಲಿ ಒಂದೇ ಸಾಲು: ಅಕ್ಕನಿಗೆ ಆರಾಮ ಇರಲಿಲ್ಲ, ಅಕ್ಕನ ಮಗು ಸಣ್ಣದಿತ್ತು.

ಚಿಗವ್ವನಿಗೆ ಇರುವುದು ಒಬ್ಬಳೇ ಅಕ್ಕ. ಆ ಅಕ್ಕನಿಗೆ ಇರುವುದು ನಾನೊಬ್ಬನೇ. ನನ್ನನ್ನು ಹೆತ್ತ ಮೇಲೆ ಅವ್ವ ಎಂಟು ತಿಂಗಳು ಸೊಲ್ಲಾಪುರದ ಆಸ್ಪತ್ರೆಯಲ್ಲಿದ್ದಳು ಎಂಬುದು ನಮ್ಮ ಬಳಗದಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಆ ಎಂಟು ತಿಂಗಳು ನಾನು ಯಾರ ಕೈಯಲ್ಲಿದ್ದೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ.

ಅರ್ಜಿ ಮೇ ಕೊನೆಯ ಶುಕ್ರವಾರ ಸ್ವೀಕೃತವಾಯಿತು. ಜೂನ್ ಮೊದಲ ಸೋಮವಾರ, ಎಂಟನೇ ತರಗತಿಯ ಮೊದಲ ಕಂಪ್ಯೂಟರ್ ಪಾಠವನ್ನು ಚಿಗವ್ವನೇ ಮಾಡಿದಳು.